ಫ್ರಾಂಕ್ಲಿನ್ನನ ಅರ್ಧ ಹಾಳೆ

ಕಾರ್ಯಭಾರವನ್ನು ಹೊತ್ತವರಿಗೆ ದುಡಿಮೆಯ ಹೊರೆಗಿಂತ ನಿರ್ಣಯದ ಹೊರೆಯೇ ಹೆಚ್ಚು ಭಾರವೆಂಬುದು ನಮ್ಮ ವಾಚಕರಲ್ಲಿ ಅನೇಕರ ಅನುಭವ. ಬರೆಯತಕ್ಕದ್ದನ್ನು ಗುಮಾಸ್ತೆಯು ಬರೆದಾನು. ಕೂಡಿ ಕಳೆಯತಕ್ಕದ್ದನ್ನು ಲೆಕ್ಕಿಗನು ಮಾಡಿಯಾನು. ಆದರೆ ಆಗಬಹುದೆಂದೋ ಆಗದೆಂದೋ ಬರೆದು ರುಜು ಹಾಕುವ ಗಳಿಗೆಯಲ್ಲಿ ಅಧಿಕಾರಿಯು ಒಂಟಿಗನು. ಆ ಗಳಿಗೆಯನ್ನು ಮುಂದೂಡುವುದಕ್ಕಾಗಿಯೇ ಕಡತಗಳು ಮೇಜಿನಿಂದ ಮೇಜಿಗೆ ತಿರುಗಿ ಷರಾಗಳಿಂದ ಮೈ ತುಂಬಿಕೊಳ್ಳುತ್ತವೆ. ಕೆಲವರು ಇದಕ್ಕೆ ಬೇಸತ್ತು, ಅಂದು ಬೆಳಗ್ಗೆ ಮನಸ್ಸಿಗೆ ಹೊಳೆದುದನ್ನೇ ಅಪ್ಪಣೆಯಾಗಿ ಬರೆದುಬಿಟ್ಟು ಸಂಜೆಗೆ ಪಶ್ಚಾತ್ತಾಪಪಡುವುದೂ ಉಂಟು. ವಿಳಂಬ, ದುಡುಕು ಎಂಬ ಈ ಎರಡು ವ್ಯಾಧಿಗಳಿಗೂ ಅರ್ಧ ಹಾಳೆ ಕಾಗದದಷ್ಟು ಬೆಲೆಯ ಒಂದು ಮದ್ದನ್ನು ಹೇಳಿಕೊಟ್ಟವನು ಬೆಂಜಮಿನ್ ಫ್ರಾಂಕ್ಲಿನ್. ಸಿಡಿಲಿನ ಮರ್ಮವನ್ನು ಹಿಡಿದವನೆಂದೂ ಅಮೆರಿಕದ ಸ್ವಾತಂತ್ರ್ಯವನ್ನು ಕಟ್ಟಿದವರಲ್ಲಿ ಒಬ್ಬನೆಂದೂ ಆತನನ್ನು ಎಲ್ಲರೂ ಬಲ್ಲರು. ಆತನು ನಿತ್ಯದ ವ್ಯವಹಾರದಲ್ಲಿ ನಿರ್ಣಯಕ್ಕೆ ಬರುತ್ತಿದ್ದ ಬಗೆಯನ್ನು, ತಪ್ಪಿದ ಕಡೆಗಳನ್ನೂ ಬಿಡದೆ, ನಾವು ಇಲ್ಲಿ ಹೇಳಬೇಕೆಂದಿದ್ದೇವೆ.

ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಕೊಬ್ಬಿನ ಬತ್ತಿಗಳನ್ನೂ ಸಾಬೂನನ್ನೂ ಮಾಡಿ ಮಾರುವ ಬಡ ಗೃಹಸ್ಥ. ಆತನ 17 ಮಕ್ಕಳಲ್ಲಿ ಇವನು 15ನೆಯವನು. ಶಾಲೆಯ ಮೆಟ್ಟಲು ಹತ್ತಿದ್ದು ಎರಡೇ ವರ್ಷ. 12ನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕರಾರು ಬರೆದುಕೊಟ್ಟು ಕೆಲಸ ಕಲಿಯಲು ನಿಂತನು. ಅಣ್ಣನ ಹೊಡೆತಗಳನ್ನು ತಾಳಲಾರದೆ 1723ರಲ್ಲಿ, 17ನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದನು.

ಆ ಓಟದ ಹಾದಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಆತನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಆಗ ಆತನು ಶಾಕಾಹಾರದ ವ್ರತವನ್ನು ಹಿಡಿದಿದ್ದನು. ಗಾಳಿ ನಿಂತು ಹಡಗು ಸಮುದ್ರದ ಮಧ್ಯೆ ತಡೆದಾಗ ಜೊತೆಯವರು ಮೀನು ಹಿಡಿದು ಹುರಿಯತೊಡಗಿದರು. ಬಾಣಲೆಯ ವಾಸನೆಯು ಮೂಗಿಗೆ ಬಡಿಯಿತು. ವ್ರತಕ್ಕೂ ನಾಲಗೆಗೂ ಸ್ವಲ್ಪ ಹೊತ್ತು ಜಗಳವಾಯಿತು. ಅಷ್ಟರಲ್ಲಿ, ಆ ಮೀನುಗಳನ್ನು ಸೀಳಿದಾಗ ಅವುಗಳ ಹೊಟ್ಟೆಯಲ್ಲಿ ಚಿಕ್ಕ ಮೀನುಗಳಿದ್ದುದು ಆತನಿಗೆ ನೆನಪಾಯಿತು. ನೀವು ನೀವೇ ಒಬ್ಬರನ್ನೊಬ್ಬರು ತಿನ್ನುವಿರಾದರೆ ನಾನು ನಿಮ್ಮನ್ನು ತಿಂದರೆ ದೋಷವೇನು ಎಂದು ತರ್ಕಿಸಿ ಆತನು ಊಟಕ್ಕೆ ಕುಳಿತನು. ಮುಂದೆ ಮುಪ್ಪಿನಲ್ಲಿ ಇದನ್ನು ನೆನೆದು, ಮನುಷ್ಯನು ವಿವೇಕಿಯಾಗಿರುವುದು ಎಷ್ಟು ಅನುಕೂಲ, ಮಾಡಬೇಕೆಂದು ಮನಸ್ಸಿರುವ ಪ್ರತಿಯೊಂದಕ್ಕೂ ಒಂದು ಕಾರಣ ದೊರೆತುಬಿಡುತ್ತದೆ ಎಂದು ನಕ್ಕನು. ಇದು ಬರಿಯ ವಿನೋದವೆಂದು ನಾವು ಎಣಿಸುವುದಿಲ್ಲ. ಬುದ್ಧಿಯು ಆಸೆಯ ವಕೀಲನಾಗಿ ನಿಲ್ಲಬಲ್ಲದೆಂಬುದನ್ನು ಆತನು ಹದಿಹರೆಯದಲ್ಲಿಯೇ ತನ್ನಲ್ಲಿ ಕಂಡುಕೊಂಡನು. ಮುಂದೆ ಆತನು ಮಾಡಿಕೊಂಡ ಏರ್ಪಾಡುಗಳೆಲ್ಲ ಈ ವಕೀಲನನ್ನು ಅಂಕೆಯಲ್ಲಿಡುವುದಕ್ಕಾಗಿಯೇ ಇದ್ದಂತೆ ತೋರುತ್ತವೆ.

ಇನ್ನೊಂದು ಪಾಠವು ಬೇಗನೆ ಬಂದಿತು. ಫಿಲಡೆಲ್ಫಿಯದಲ್ಲಿ ಗವರ್ನರ್ ಕೀತ್ ಎಂಬವನು ಈ ಹುಡುಗನನ್ನು ಮೆಚ್ಚಿ, ಲಂಡನ್ನಿಗೆ ಹೋಗಿ ಅಚ್ಚಿನ ಯಂತ್ರವನ್ನೂ ಮೊಳೆಗಳನ್ನೂ ಕೊಂಡುತರಬೇಕೆಂದೂ ಅದಕ್ಕೆ ಬೇಕಾದ ಹುಂಡಿಯ ಪತ್ರಗಳನ್ನು ತಾನು ಕೊಡುವೆನೆಂದೂ ಮಾತು ಕೊಟ್ಟನು. 1724ರಲ್ಲಿ ಫ್ರಾಂಕ್ಲಿನ್ನನು ಹಡಗು ಹತ್ತಿದನು. ಲಂಡನ್ನು ಸಮೀಪಿಸಿದಾಗ ಟಪ್ಪಾಲಿನ ಚೀಲವನ್ನು ಬಿಚ್ಚಿ ನೋಡಿದರೆ ಆತನ ಹೆಸರಿನ ಪತ್ರ ಒಂದೂ ಇರಲಿಲ್ಲ. ಗವರ್ನರನ ಮಾತಿನ ಬೆಲೆಯನ್ನು ಊರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಆತನು ಕೇಳಿರಲಿಲ್ಲ. ಪರದೇಶದಲ್ಲಿ ಸುಮಾರು ಒಂದೂವರೆ ವರ್ಷ ಅಚ್ಚುಕೂಟಗಳಲ್ಲಿ ಕೂಲಿಗೆ ದುಡಿದು 1726ರಲ್ಲಿ ಹಿಂತಿರುಗಿದನು. ಹಿಂತಿರುಗುವ ಹಡಗಿನಲ್ಲಿ, ಇನ್ನು ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡನು. ಮನಸ್ಸಿನಲ್ಲಿದ್ದುದನ್ನು ಕಾಗದದ ಮೇಲೆ ಇಳಿಸಿ ಎದುರಿಗೆ ಇಟ್ಟುಕೊಂಡು ನೋಡುವ ಅಭ್ಯಾಸವು ಅಲ್ಲಿಂದ ಕೊನೆಯವರೆಗೂ ಆತನನ್ನು ಬಿಡಲಿಲ್ಲ.

1727ರಲ್ಲಿ ಆತನು ಕೆಲವು ಮಂದಿ ಸ್ನೇಹಿತರನ್ನು ಕೂಡಿಸಿ ಜುಂಟೋ ಎಂಬ ಕೂಟವನ್ನು ಕಟ್ಟಿದನು. ಶುಕ್ರವಾರ ಸಂಜೆಗಳಲ್ಲಿ ಸೇರುವುದು, ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಚರ್ಚಿಸುವುದು. ಇದಿಷ್ಟೇ ಆಗಿದ್ದರೆ ಇಂಥ ಕೂಟಗಳು ಎಲ್ಲ ಊರುಗಳಲ್ಲಿಯೂ ಉಂಟು. ಇಲ್ಲಿಯ ವಿಶೇಷವು ಒಂದು ನಿಯಮದಲ್ಲಿತ್ತು: ಯಾರೂ ನಿಶ್ಚಯದ ಮಾತನ್ನು ಹಠದಿಂದ ಹೇಳಕೂಡದು, ಎದುರಿನವನನ್ನು ನೇರವಾಗಿ ಖಂಡಿಸಕೂಡದು, ತಪ್ಪಿದರೆ ಸಣ್ಣ ದಂಡ. ಫ್ರಾಂಕ್ಲಿನ್ನನು ಇದನ್ನು ಸ್ವಂತ ಮಾತಿಗೂ ಅನ್ವಯಿಸಿಕೊಂಡನು. ನಿಸ್ಸಂದೇಹವಾಗಿ, ಖಂಡಿತವಾಗಿ ಎಂಬ ಪದಗಳನ್ನು ಬಿಟ್ಟು, ನನಗೆ ಸದ್ಯಕ್ಕೆ ಹೀಗೆ ತೋರುತ್ತದೆ ಎಂಬ ಧಾಟಿಯನ್ನು ಹಿಡಿದನು. ವಿನಯವು ಇದರ ಒಂದು ಮುಖ ಮಾತ್ರ. ಖಂಡಿತವೆಂದು ಹತ್ತು ಜನರ ಮುಂದೆ ಸಾರಿದವನಿಗೆ ಮರುದಿನ ಹೊಸ ಸಂಗತಿ ತಿಳಿದುಬಂದರೂ ಹಿಂದೆಗೆಯಲು ಮುಖವಿರುವುದಿಲ್ಲ. ಸದ್ಯಕ್ಕೆ ತೋರುತ್ತದೆಂದವನಿಗೆ ಬಾಗಿಲು ತೆರೆದಿರುತ್ತದೆ. ಸಭೆಗಳಲ್ಲಿ ತಾನು ವಾಗ್ಮಿಯಲ್ಲದಿದ್ದರೂ ತನ್ನ ಮಾತು ಸಾಮಾನ್ಯವಾಗಿ ನಡೆಯುತ್ತಿದ್ದುದಕ್ಕೆ ಈ ಅಭ್ಯಾಸವೇ ಮುಖ್ಯ ಕಾರಣವೆಂದು ಆತನೇ ಲೆಕ್ಕ ಹಾಕಿದ್ದಾನೆ.

1728ರಲ್ಲಿ ಮೆರೆಡಿತ್ ಎಂಬ ಪಾಲುಗಾರನೊಡನೆ ಸ್ವಂತ ಅಚ್ಚುಕೂಟವನ್ನು ತೆರೆದನು. 1729ರಲ್ಲಿ ಪೆನ್ಸಿಲ್ವೇನಿಯ ಗೆಜೆಟ್ ಎಂಬ ಪತ್ರಿಕೆಯನ್ನು ಕೊಂಡನು. ಬಂಡವಾಳ ಕೊಡುವೆನೆಂದಿದ್ದ ಮೆರೆಡಿತ್ತನ ತಂದೆಯು ಅರ್ಧದಲ್ಲಿ ಕೈಚೆಲ್ಲಿದನು. ಸಾಲಗಾರರು ದಾವೆ ಹೂಡಿದರು. ಪಾಲುಗಾರನೋ ಕುಡುಕನಾಗಿ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದನು. ಆಗ ಕೋಲ್ಮನ್, ಗ್ರೇಸ್ ಎಂಬ ಇಬ್ಬರು ಮಿತ್ರರು, ಒಬ್ಬನ ಸಂಗತಿ ಇನ್ನೊಬ್ಬನಿಗೆ ತಿಳಿಯದೆ, ಬೇರೆ ಬೇರೆಯಾಗಿ ಬಂದು, ಮೆರೆಡಿತ್ತನನ್ನು ಬಿಡುವುದಾದರೆ ಬೇಕಾದ ಹಣವನ್ನೆಲ್ಲ ನಾವು ಕೊಡುವೆವೆಂದರು. ಮುಳುಗುತ್ತಿರುವವನಿಗೆ ಇಂಥ ಹಗ್ಗ ಸಿಕ್ಕಿದರೆ ಯಾರು ಯೋಚಿಸುತ್ತಾರೆ? ಫ್ರಾಂಕ್ಲಿನ್ನನು ಯೋಚಿಸಿದನು. ಮೆರೆಡಿತ್ತನ ಮನೆಯವರು ತಮ್ಮ ಪಾಲಿನ ಕರಾರನ್ನು ಸಲ್ಲಿಸುವ ಆಸೆ ಸ್ವಲ್ಪವಾದರೂ ಇರುವವರೆಗೆ ಬೇರೆಯಾಗುವ ಮಾತನ್ನು ತಾನು ಎತ್ತಲಾರೆನೆಂದನು. ಕೆಲವು ಕಾಲದ ಮೇಲೆ ಪಾಲುಗಾರನೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ, ನಿನಗೇ ಈ ಕಸುಬು ಒಗ್ಗದಿದ್ದರೆ ನಾನು ಬಿಟ್ಟುಕೊಡಲೂ ಸಿದ್ಧನೆಂದು ಹೇಳಿದನು. ಮೆರೆಡಿತ್ತನು ತಾನಾಗಿಯೇ ಪಾಲನ್ನು ಬಿಟ್ಟನು. ಇಬ್ಬರು ಮಿತ್ರರಲ್ಲಿ ಯಾರ ಹಣವನ್ನು ತೆಗೆದುಕೊಳ್ಳುವುದೆಂಬ ತೊಡಕು ಉಳಿಯಿತು. ಒಬ್ಬನನ್ನು ಮೇಲೆ ಮಾಡಿ ಇನ್ನೊಬ್ಬನನ್ನು ನೋಯಿಸದೆ ಅರ್ಧವನ್ನು ಒಬ್ಬನಿಂದಲೂ ಅರ್ಧವನ್ನು ಇನ್ನೊಬ್ಬನಿಂದಲೂ ಪಡೆದನು.

ಅಲ್ಲಿಂದ ಏಳಿಗೆಯೇ. ಪುಸ್ತಕಭಂಡಾರ, ಬೆಂಕಿಯಾರಿಸುವ ದಳ, ಆಸ್ಪತ್ರೆ ಎಲ್ಲವೂ ಆತನ ಕೈಗುಣದಿಂದ ಹುಟ್ಟಿದವು. 1748ರಲ್ಲಿ, 42ನೆಯ ವಯಸ್ಸಿನಲ್ಲಿ, ತನಗೆ ಸಾಕಾದಷ್ಟು ಹಣವಾಯಿತೆಂದು ಅಚ್ಚುಕೂಟವನ್ನು ಡೇವಿಡ್ ಹಾಲ್ ಎಂಬ ಪಾಲುಗಾರನಿಗೆ 18 ವರ್ಷದ ಕರಾರಿನ ಮೇಲೆ ಒಪ್ಪಿಸಿ ವಿಜ್ಞಾನದ ಕಡೆಗೆ ತಿರುಗಿದನು. ಸಾಕೆಂಬ ನಿರ್ಣಯವು ಎಲ್ಲ ನಿರ್ಣಯಗಳಲ್ಲಿ ಅಪರೂಪವಾದುದು. ಪತ್ರಿಕೆಯ ಯಜಮಾನರಲ್ಲಂತೂ ಅದನ್ನು ನಾವು ಹೆಚ್ಚಾಗಿ ಕಂಡಿಲ್ಲ.

1753ರಲ್ಲಿ ಆತನೂ ಹಂಟರ್ ಎಂಬವನೂ ವಸಾಹತುಗಳ ಟಪ್ಪಾಲಿನ ಮೇಲಧಿಕಾರಿಗಳಾದರು. ಇಬ್ಬರಿಗೂ ಸೇರಿ ವರ್ಷಕ್ಕೆ 600 ಪೌಂಡು ಸಂಬಳ. ಆದರೆ ಅದು ಇಲಾಖೆಯ ಲಾಭದಿಂದಲೇ ಹುಟ್ಟಬೇಕು, ಆ ಇಲಾಖೆಯೋ ಅದುವರೆಗೆ ಲಾಭವನ್ನೇ ಕಂಡಿರಲಿಲ್ಲ. ಖರ್ಚನ್ನು ಕಡಿಮೆ ಮಾಡಿ ಸಂಬಳವನ್ನು ಎತ್ತಿಕೊಳ್ಳುವುದು ಸುಲಭದ ಹಾದಿಯಾಗಿತ್ತು. ಅವರು ವಿರುದ್ಧದ ಹಾದಿಯನ್ನು ಹಿಡಿದು ಸುಧಾರಣೆಗೆ ಹಣವನ್ನು ಸುರಿದರು. ಮೊದಲ ನಾಲ್ಕು ವರ್ಷಗಳಲ್ಲಿ ಇಲಾಖೆಯು ಇವರಿಗೇ 900 ಪೌಂಡಿಗೆ ಮೇಲ್ಪಟ್ಟು ಸಾಲಗಾರನಾಯಿತು. ಅನಂತರ ಸಾಲ ತೀರಿ, ಆತನನ್ನು ತೆಗೆದುಹಾಕುವ ಕಾಲಕ್ಕೆ ಐರ್ಲೆಂಡಿನ ಟಪ್ಪಾಲಿಗಿಂತ ಮೂರರಷ್ಟು ನಿವ್ವಳ ಆದಾಯವು ಸರ್ಕಾರಕ್ಕೆ ಬರುತ್ತಿತ್ತು.

1755ರಲ್ಲಿ ಬ್ರಾಡಕ್ ಎಂಬ ಸೇನಾಪತಿಯು ಫ್ರೆಂಚರ ಕೋಟೆಯ ಮೇಲೆ ದಂಡೆತ್ತಿ ಹೊರಟು ಬಂಡಿಗಳಿಲ್ಲದೆ ನಿಂತಾಗ, ಫ್ರಾಂಕ್ಲಿನ್ನನು ಎರಡು ವಾರಗಳಲ್ಲಿ 150 ಬಂಡಿಗಳನ್ನು ರೈತರಿಂದ ಒದಗಿಸಿಕೊಟ್ಟನು. ಸೇನಾಪತಿಯನ್ನು ನಾವರಿಯೆವು, ನೀನೇ ಹೊಣೆ ಬರೆದುಕೊಡು ಎಂದರು ರೈತರು. ಬರೆದುಕೊಟ್ಟನು. ಅಷ್ಟರಲ್ಲಿ ಊರಿನ ಇಬ್ಬರು ವೈದ್ಯರು ವಿಜಯೋತ್ಸವದ ಬಾಣಬಿರುಸುಗಳಿಗಾಗಿ ಚಂದಾಪಟ್ಟಿಯನ್ನು ಹಿಡಿದು ಬಂದರು. ಸಂತೋಷಪಡುವ ಕಾರಣ ಉಂಟೆಂದು ತಿಳಿದ ಮೇಲೆ ಅದರ ಸಿದ್ಧತೆಗೆ ಬೇಕಾದಷ್ಟು ಸಮಯವಿದೆಯೆಂದು ಆತನು ಹೇಳಲು ಅವರು ಬೆರಗಾದರು. ಜುಲೈ 9ರಂದು ಆ ಸೇನೆಯು ನುಚ್ಚುನೂರಾಯಿತು. ಬಂಡಿ ಕುದುರೆಗಳ ಬೆಲೆಯೆಂದು ರೈತರು ಫ್ರಾಂಕ್ಲಿನ್ನನ ಮೇಲೆ ತಂದ ಬೇಡಿಕೆಯ ಮೊತ್ತವು ಸುಮಾರು 20,000 ಪೌಂಡು. ಬೇರೊಬ್ಬ ಸೇನಾಪತಿಯು ಆ ಹಣವನ್ನು ಸರ್ಕಾರದಿಂದ ಕೊಡುವಂತೆ ಅಪ್ಪಣೆ ಮಾಡದಿದ್ದರೆ ಆತನು ದಿವಾಳಿಯಾಗುತ್ತಿದ್ದನು. ಚಂದಾಪಟ್ಟಿಯ ಮುಂದೆ ತೋರಿದ ಎಚ್ಚರವು ಹೊಣೆಪತ್ರದ ಮುಂದೆ ಏಕೆ ಮಲಗಿತೋ ಎಂದು ಓದುಗನು ಕೇಳಬಹುದು. ಒಂದರಲ್ಲಿ ನಿರೀಕ್ಷೆ ಮಾತ್ರವಿತ್ತು. ಇನ್ನೊಂದರಲ್ಲಿ ಅಂದೇ ಆಗಬೇಕಾದ ಸಾರ್ವಜನಿಕ ಕಾರ್ಯವಿತ್ತು. ಆದರೂ ಅಷ್ಟು ದೊಡ್ಡ ಮೊತ್ತಕ್ಕೆ ಒಬ್ಬನೇ ತಲೆ ಕೊಟ್ಟುದು ಸರಿಯೆಂದು ನಮಗೆ ತೋರುವುದಿಲ್ಲ.

ಇದಕ್ಕೆ ಮೊದಲೇ ಆತನ ಮನೆಯಲ್ಲಿ ಒಂದು ದುಃಖವು ನಡೆದುಹೋಗಿತ್ತು. 1721ರಲ್ಲಿ ಬಾಸ್ಟನ್ನಿಗೆ ಸಿಡುಬು ಹೊಕ್ಕು ಸುಮಾರು 6,000 ಮಂದಿಯನ್ನು ಹಿಡಿದು 800ಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತು. ರೋಗಿಯ ಕೀವನ್ನೇ ಆರೋಗ್ಯವಂತನ ಚರ್ಮದಲ್ಲಿ ಹಾಕಿ ಹಗುರವಾಗಿ ರೋಗ ಬರಿಸುವ ಪದ್ಧತಿಯನ್ನು ಆಗ ಅಲ್ಲಿ ಬಾಯ್ಲ್‌ಸ್ಟನ್ ಎಂಬ ವೈದ್ಯನು ಆರಂಭಿಸಿದನು. ಆತನು 240ಕ್ಕೂ ಹೆಚ್ಚು ಮಂದಿಗೆ ಹಾಕಿದನು. ಅವರಲ್ಲಿ ಸತ್ತವರು 6 ಮಂದಿ. ಈ ಪದ್ಧತಿಯನ್ನು ಹಳಿಯುತ್ತಿದ್ದ ಪತ್ರಿಕೆಯು ಜೇಮ್ಸ್ ಫ್ರಾಂಕ್ಲಿನ್ನನದು. ಅದರ ಮೊಳೆಗಳನ್ನು ಜೋಡಿಸುತ್ತಿದ್ದ ಹುಡುಗನು ಬೆಂಜಮಿನ್. ಬೆಳೆದ ಮೇಲೆ ಆತನು ಅಂಕಿಗಳನ್ನು ನೋಡಿ ಪದ್ಧತಿಯ ಪಕ್ಷಪಾತಿಯಾದನು. ಆದರೆ ತನ್ನ ಮಗುವಿಗೆ ಹಾಕಿಸಲಿಲ್ಲ. ಮಗು ಫ್ರಾನ್ಸಿಸ್ ಅತಿಸಾರದಿಂದ ನರಳುತ್ತಿದ್ದಿತು; ಚೇತರಿಸಿಕೊಳ್ಳಲೆಂದು ಕಾದನು. 1736ರ ನವೆಂಬರಿನಲ್ಲಿ ನಾಲ್ಕು ವರ್ಷದ ಆ ಮಗುವು ಸಿಡುಬಿನಿಂದಲೇ ಸತ್ತಿತು. ಹಾಕಿಸಿದುದರಿಂದಲೇ ಸತ್ತಿತೆಂದು ಊರಿನಲ್ಲಿ ಸುದ್ದಿ ಹಬ್ಬಿದಾಗ, ಅದನ್ನು ನಂಬಿ ಬೇರೆ ತಂದೆತಾಯಿಗಳು ಹಿಂಜರಿಯಬಾರದೆಂದು, ತಾನು ಹಾಕಿಸಿರಲಿಲ್ಲವೆಂಬುದನ್ನು ತನ್ನ ಪತ್ರಿಕೆಯಲ್ಲಿ ತಾನೇ ಅಚ್ಚು ಹಾಕಿಸಿದನು.

ಆತ್ಮಚರಿತ್ರೆಯಲ್ಲಿ ಈ ದುಃಖವನ್ನು ಹೇಳುವಾಗ ಆತನು ಒಂದು ಸೂಕ್ಷ್ಮವಾದ ವಿಚಾರವನ್ನು ಮುಂದಿಟ್ಟಿದ್ದಾನೆ. ಹಾಕಿಸಿ ಮಗು ಸತ್ತರೆ ತಮ್ಮ ಕೈಯಿಂದಲೇ ಆಯಿತೆಂಬ ಕೊರಗು ಉಳಿಯುವುದೆಂದು ಜನರು ಹೆದರಿ ಸುಮ್ಮನಿರುತ್ತಾರೆ. ಸುಮ್ಮನಿದ್ದು ಮಗು ಸತ್ತರೂ ಅದೇ ಕೊರಗು ಉಳಿಯುವುದೆಂಬುದಕ್ಕೆ ತಾನೇ ಸಾಕ್ಷಿ. ಕೊರಗು ಎರಡು ಕಡೆಯಲ್ಲಿಯೂ ಸಮವಾಗಿರುವುದರಿಂದ ಅಪಾಯ ಕಡಿಮೆಯಿರುವ ಕಡೆಯನ್ನು ಆರಿಸತಕ್ಕದ್ದು. ಏನನ್ನೂ ಮಾಡದಿರುವುದು ನಿರ್ಣಯವೇ ಅಲ್ಲವೆಂದೂ ಅದಕ್ಕೆ ಯಾರೂ ಹೊಣೆಯಲ್ಲವೆಂದೂ ನಂಬಿ ಕಡತವನ್ನು ಕಟ್ಟಿಡುವ ನಮ್ಮ ಅಧಿಕಾರಿಗಳು ಈ ಭಾಗವನ್ನು ಒಮ್ಮೆ ಓದುವುದು ಲೇಸು.

ಈಗ ಅರ್ಧ ಹಾಳೆಯ ಸಂಗತಿಗೆ ಬರುವೆವು. 1772ರಲ್ಲಿ ಫ್ರಾಂಕ್ಲಿನ್ನನು ವಸಾಹತುಗಳ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದನು. ಆತನ ಮಿತ್ರ ಜೋಸೆಫ್ ಪ್ರೀಸ್ಟ್ಲಿ ಲೀಡ್ಸ್ ಪಟ್ಟಣದಲ್ಲಿ ಪಾದ್ರಿ. ಜೊತೆಗೆ ವಾಯುಗಳನ್ನು ಶೋಧಿಸುತ್ತಿದ್ದ ವಿಜ್ಞಾನಿ. ಶೆಲ್ಬರ್ನ್ ಪ್ರಭುವು ಆತನನ್ನು ವರ್ಷಕ್ಕೆ 250 ಪೌಂಡು ಸಂಬಳದ ಮೇಲೆ ತನ್ನ ಪುಸ್ತಕಭಂಡಾರಕ್ಕೂ ಮಕ್ಕಳ ವಿದ್ಯಾಭ್ಯಾಸದ ಮೇಲ್ವಿಚಾರಣೆಗೂ ಕರೆದನು. ಸಂಬಳ ದೊಡ್ಡದು, ಸಂಸಾರವೂ ದೊಡ್ಡದಾಗುತ್ತಿತ್ತು. ಆದರೆ ಪ್ರಭುಗಳ ಮನೆಯ ಆಶ್ರಯ, ಸ್ವಾತಂತ್ರ್ಯದ ಹಾನಿ, ಒಗ್ಗಿದ ಊರನ್ನು ಬಿಡುವ ಬೇಸರ ಬೇರೆ. ಆತನು ಫ್ರಾಂಕ್ಲಿನ್ನನ ಸಲಹೆಯನ್ನು ಕೇಳಿದನು. ಸೆಪ್ಟೆಂಬರ್ 19ರಂದು ಬರೆದ ಉತ್ತರದಲ್ಲಿ ಫ್ರಾಂಕ್ಲಿನ್ನನು, ಪೂರ್ಣ ಸಂಗತಿಗಳು ತನಗೆ ತಿಳಿಯದ್ದರಿಂದ ಏನನ್ನು ನಿರ್ಣಯಿಸಬೇಕೆಂದು ಹೇಳಲಾರೆನೆಂದೂ, ಹೇಗೆ ನಿರ್ಣಯಿಸಬೇಕೆಂಬುದನ್ನು ಮಾತ್ರ ಹೇಳುವೆನೆಂದೂ ತಿಳಿಸಿದನು. ಸಲಹೆ ಕೇಳಿದವರಿಗೆಲ್ಲ ಒಡನೆ ತೀರ್ಪನ್ನೇ ಕೊಡುವವರ ನಡುವೆ ಇದೊಂದು ಮರ್ಯಾದೆಯ ಮಾತು.

ವಿಧಾನವು ಹೀಗೆ. ಕಷ್ಟದ ಸಂಗತಿಗಳಲ್ಲಿ ಕಷ್ಟವು ಹುಟ್ಟುವುದು, ಪರವಾದ ಮತ್ತು ವಿರುದ್ಧವಾದ ಕಾರಣಗಳೆಲ್ಲ ಒಮ್ಮೆಗೇ ಮನಸ್ಸಿನ ಮುಂದೆ ನಿಲ್ಲದಿರುವುದರಿಂದ. ಒಂದು ಹೊತ್ತಿಗೆ ಒಂದು ಗುಂಪು ಕಾಣುತ್ತದೆ, ಮತ್ತೊಂದು ಹೊತ್ತಿಗೆ ಅದು ಮರೆಯಾಗಿ ಇನ್ನೊಂದು ಗುಂಪು ಬರುತ್ತದೆ, ಮನಸ್ಸು ಓಲಾಡುತ್ತದೆ. ಆದುದರಿಂದ ಅರ್ಧ ಹಾಳೆ ಕಾಗದವನ್ನು ತೆಗೆದುಕೊಂಡು ನಡುವೆ ಗೆರೆ ಎಳೆದು, ಒಂದು ಅಂಕಣಕ್ಕೆ ಪರ, ಇನ್ನೊಂದಕ್ಕೆ ವಿರೋಧ ಎಂದು ತಲೆಬರಹ ಹಾಕತಕ್ಕದ್ದು. ಮೂರು ನಾಲ್ಕು ದಿನಗಳ ಕಾಲ, ಹೊಳೆಹೊಳೆದ ಕಾರಣಗಳನ್ನು ಹೊಳೆದಾಗಲೇ ಆಯಾ ಅಂಕಣದಲ್ಲಿ ಚುಟುಕಾಗಿ ಬರೆಯತಕ್ಕದ್ದು. ಎಲ್ಲವೂ ಒಂದು ನೋಟಕ್ಕೆ ಸಿಕ್ಕಿದ ಮೇಲೆ ತೂಗುವ ಕೆಲಸ. ಪರದ ಒಂದು ಕಾರಣವು ವಿರೋಧದ ಒಂದಕ್ಕೆ ಸಮನೆಂದು ಕಂಡರೆ ಎರಡನ್ನೂ ಹೊಡೆದುಹಾಕುವುದು. ಈ ಕಡೆಯ ಒಂದು ಆ ಕಡೆಯ ಎರಡಕ್ಕೆ ಸಮನಾದರೆ ಮೂರನ್ನೂ. ಈ ಕಡೆಯ ಮೂರು ಆ ಕಡೆಯ ಎರಡಕ್ಕೆ ಸಮನಾದರೆ ಐದನ್ನೂ. ಕೊನೆಗೆ ಉಳಿದುದೇ ಬಾಕಿ. ಮತ್ತೆ ಒಂದೆರಡು ದಿನ ಕಾಯುವುದು; ಮುಖ್ಯವಾದ ಹೊಸ ಕಾರಣವೇನೂ ತೋರದಿದ್ದರೆ ಬಾಕಿ ಇರುವ ಕಡೆಗೆ ನಿರ್ಣಯ. ಇದನ್ನು ಆತನು ವಿವೇಕದ ಬೀಜಗಣಿತವೆಂದು ಕರೆದನು. ಕಾರಣಗಳ ತೂಕವು ಬೀಜಗಣಿತದ ಸಂಖ್ಯೆಗಳಷ್ಟು ನಿಷ್ಕೃಷ್ಟವಲ್ಲವೆಂಬುದನ್ನು ಒಪ್ಪಿ, ಒಂದೊಂದನ್ನು ಬೇರೆಬೇರೆಯಾಗಿಯೂ ಒಂದಕ್ಕೊಂದನ್ನು ಹೋಲಿಸಿಯೂ ನೋಡಿದಾಗ ದುಡುಕುವ ಸಂಭವವು ಕಡಿಮೆಯೆಂದಷ್ಟೇ ಹೇಳಿದನು.

ಇದರಲ್ಲಿ ಏನು ದೊಡ್ಡ ಸಂಗತಿ, ಜಮೆ ಖರ್ಚಿನ ಪುಸ್ತಕವನ್ನು ಇಟ್ಟವರಿಗೆಲ್ಲ ತಿಳಿದದ್ದೇ ಎನ್ನುವವರು ಇದ್ದಾರು. ಅವರು ದಿನಗಳ ಲೆಕ್ಕವನ್ನು ಗಮನಿಸಬೇಕು. ಒಂದೇ ಕೂರಿಕೆಯಲ್ಲಿ ಬರೆದ ಪಟ್ಟಿಯಲ್ಲಿ ಆ ಹೊತ್ತಿನ ಮನಸ್ಸೇ ಎರಡು ಅಂಕಣಗಳನ್ನೂ ಬರೆಯುತ್ತದೆ. ಬಾಣಲೆಯ ವಾಸನೆ ಮೂಗಿನಲ್ಲಿರುವಾಗ ಪರದ ಅಂಕಣವು ತಾನಾಗಿ ಉದ್ದವಾಗುತ್ತದೆ. ಮೂರು ನಾಲ್ಕು ದಿನ ಬಿಟ್ಟು ಬಿಟ್ಟು ಬರೆದರೆ ಹಸಿದ ಮನಸ್ಸು, ಉಂಡ ಮನಸ್ಸು, ಬೆಳಗಿನ ಮನಸ್ಸು, ರಾತ್ರಿಯ ಮನಸ್ಸು ನಾಲ್ಕೂ ಸಾಕ್ಷಿ ಹೇಳುತ್ತವೆ. ಇನ್ನೊಂದು: ಕಾರಣಗಳನ್ನು ಎಣಿಸಿ ಹೆಚ್ಚು ಸಾಲುಗಳಿರುವ ಕಡೆಗೆ ಹೋಗಬೇಕೆಂದು ಆತನು ಹೇಳಲಿಲ್ಲ. ಹತ್ತು ಕ್ಷುಲ್ಲಕ ಕಾರಣಗಳನ್ನು ಒಂದು ಘನವಾದ ಕಾರಣವು ಹೊಡೆದುಹಾಕಬಲ್ಲದು. ಷರಾಗಳ ಸಂಖ್ಯೆಯನ್ನು ನೋಡಿ ರುಜು ಹಾಕುವವರಿಗೆ ಇದು ತಿಳಿದಿದ್ದರೆ ಎಷ್ಟೋ ಅರ್ಜಿದಾರರು ಬದುಕಿಕೊಳ್ಳುತ್ತಿದ್ದರು. ಕಾಯುವುದಕ್ಕೂ ಒಂದು ಗಡುವು ಉಂಟು. ಒಂದು ವಾರದೊಳಗೆ ತೀರ್ಮಾನವಾಗಲೇಬೇಕು.

ಪ್ರೀಸ್ಟ್ಲಿಯು ಕೊನೆಗೆ ಪ್ರಭುವಿನ ಕರೆಯನ್ನು ಒಪ್ಪಿ 1773ರಲ್ಲಿ ಹೋದನು. 1774ರಲ್ಲಿ ಆ ಪ್ರಭುವಿನ ಮನೆಯಲ್ಲಿಯೇ ಪ್ರಾಣವಾಯುವನ್ನು ಬೇರ್ಪಡಿಸಿದನು. 1779ರಲ್ಲಿ ಫ್ರಾಂಕ್ಲಿನ್ನನು ಮದುವೆಯ ವಿಷಯದಲ್ಲಿ ಓಲಾಡುತ್ತಿದ್ದ ತನ್ನ ಬಂಧು ಜೊನಾಥನ್ ವಿಲಿಯಮ್ಸನಿಗೂ ಇದೇ ಬೀಜಗಣಿತವನ್ನು ಬರೆದು, ಇದನ್ನು ಕಲಿಯದಿದ್ದರೆ ನಿನಗೆ ಮದುವೆಯೇ ಆಗಲಾರದೆಂದು ಹಾಸ್ಯ ಮಾಡಿದನು.

ವಿಧಾನವನ್ನು ಬಲ್ಲವನು ತಪ್ಪುವುದೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. 1765ರಲ್ಲಿ ಸ್ಟಾಂಪಿನ ಕಾಯಿದೆಯು ಬಂದಾಗ, ಅದನ್ನು ವಿರೋಧಿಸಿದ್ದವನೇ ಅದು ಅಂಗೀಕೃತವಾದ ಮೇಲೆ ತನ್ನ ಮಿತ್ರ ಹ್ಯೂಸನನ್ನು ಸ್ಟಾಂಪುಗಳ ವಿತರಣೆಗೆ ಸೂಚಿಸಿದನು. ಸಾವಿರಾರು ಮೈಲಿ ದೂರದಲ್ಲಿದ್ದ ತನ್ನ ಜನರ ಕೋಪದ ತೂಕವು ಆತನ ತಕ್ಕಡಿಗೆ ಬೀಳಲೇ ಇಲ್ಲ. ಫಿಲಡೆಲ್ಫಿಯದಲ್ಲಿ ಗುಂಪು ಆತನ ಮನೆಯನ್ನೇ ಕೆಡವುವ ಬೆದರಿಕೆ ಹಾಕಿತು. ಹೆಂಡತಿ ಡೆಬೊರಳು ಬಂಧುಗಳೊಡನೆ ಕೋವಿ ಹಿಡಿದು ಮನೆಯನ್ನು ಕಾದಳು. 1772ರ ಡಿಸೆಂಬರಿನಲ್ಲಿ, ಅಂದರೆ ಪ್ರೀಸ್ಟ್ಲಿಗೆ ಆ ಪತ್ರವನ್ನು ಬರೆದು ಮೂರು ತಿಂಗಳೂ ತುಂಬದಿದ್ದಾಗ, ಮ್ಯಾಸಚೂಸೆಟ್ಸಿನ ಗವರ್ನರ್ ಹಚಿನ್‌ಸನ್ನನ ಖಾಸಗಿ ಪತ್ರಗಳು ಆತನ ಕೈಗೆ ಬಂದವು. ವಸಾಹತಿನವರ ಸ್ವಾತಂತ್ರ್ಯಗಳನ್ನು ಮೊಟಕು ಮಾಡಬೇಕೆಂಬ ಮಾತು ಅವುಗಳಲ್ಲಿತ್ತು. ಅಚ್ಚು ಹಾಕಬಾರದೆಂಬ ಷರತ್ತಿನ ಮೇಲೆ ಆತನು ಅವುಗಳನ್ನು ಬಾಸ್ಟನ್ನಿಗೆ ಕಳುಹಿಸಿದನು. ಹುಟ್ಟಾ ಅಚ್ಚಿನವನಾದ ಆತನು ಈ ಷರತ್ತು ನಿಲ್ಲುವುದೆಂದು ಹೇಗೆ ನಂಬಿದನೋ! 1773ರಲ್ಲಿ ಅವು ಅಚ್ಚಾದವು. ಪತ್ರಗಳನ್ನು ಕದ್ದವರಾರೆಂಬ ವಾದದಲ್ಲಿ ಲಂಡನ್ನಿನಲ್ಲಿ ಇಬ್ಬರು ಕತ್ತಿ ಹಿರಿದು ಕಾದಾಡಿದರು; ಮತ್ತೆ ರಕ್ತ ಹರಿಯಬಾರದೆಂದು ಫ್ರಾಂಕ್ಲಿನ್ನನು ತಾನೇ ಕಳುಹಿಸಿದವನೆಂದು ಪ್ರಕಟಪಡಿಸಿದನು. 1774ರ ಜನವರಿ 29ರಂದು ಪ್ರಿವಿ ಕೌನ್ಸಿಲಿನ ಮುಂದೆ ವೆಡರ್‌ಬರ್ನ್ ಎಂಬ ಸರ್ಕಾರಿ ವಕೀಲನು ಆತನನ್ನು ಹತ್ತಿರ ಹತ್ತಿರ ಒಂದು ಗಂಟೆ ಹೊತ್ತು ಕಳ್ಳನೆಂಬಂತೆ ನಿಂದಿಸಿದನು. ಪ್ರಭುಗಳು ನಗುತ್ತಿದ್ದರು. 68 ವರ್ಷದ ಮುದುಕನು ಮುಖದ ಒಂದು ಗೆರೆಯೂ ಅಲುಗದೆ ನಿಂತು ಕೇಳಿದನು. ಆ ಕೋಣೆಯಲ್ಲಿ ಅದನ್ನು ನೋಡುತ್ತ ನಿಂತವರಲ್ಲಿ ಪ್ರೀಸ್ಟ್ಲಿಯೂ ಒಬ್ಬನು. ಎರಡು ದಿನಗಳೊಳಗೆ ಟಪ್ಪಾಲಿನ ಅಧಿಕಾರವು ಹೋಯಿತು. ಮರುವರ್ಷ ಊರಿಗೆ ಹಿಂತಿರುಗಿದವನು ಸ್ವಾತಂತ್ರ್ಯದ ಪಕ್ಷದವನಾಗಿದ್ದನು. 1776ರ ಘೋಷಣೆಗೆ ರುಜು ಹಾಕಿದವರಲ್ಲಿ ಎಲ್ಲರಿಗಿಂತ ಹಿರಿಯನು ಆತನೇ.

1787ರಲ್ಲಿ ರಾಜ್ಯಾಂಗವನ್ನು ರಚಿಸುವ ಸಭೆಯಲ್ಲಿ ಆತನಿಗೆ 81 ವರ್ಷ. ಸೆಪ್ಟೆಂಬರ್ 17ರಂದು, ನಿಂತು ಮಾತಾಡುವ ಶಕ್ತಿ ಸಾಲದೆ, ಬರೆದು ತಂದುದನ್ನು ವಿಲ್ಸನ್ ಎಂಬ ಸದಸ್ಯನಿಂದ ಓದಿಸಿದನು. ಇದರ ಕೆಲವು ಭಾಗಗಳನ್ನು ತಾನು ಸದ್ಯಕ್ಕೆ ಒಪ್ಪುವುದಿಲ್ಲ. ಆದರೆ ಹಿಂದೆ ಖಂಡಿತವೆಂದುಕೊಂಡಿದ್ದ ಎಷ್ಟೋ ಅಭಿಪ್ರಾಯಗಳನ್ನು ಹೆಚ್ಚು ತಿಳಿದ ಮೇಲೆ ಬದಲಾಯಿಸಬೇಕಾಗಿ ಬಂದಿದೆ. ಇದಕ್ಕಿಂತ ಉತ್ತಮವಾದುದು ಇನ್ನೊಂದು ಸಭೆಯಿಂದ ಬರುವ ನಂಬಿಕೆಯಿಲ್ಲ. ಆದುದರಿಂದ ಒಪ್ಪುವೆನೆಂಬುದು ಅದರ ತಾತ್ಪರ್ಯ. ಅಂದು 39 ಮಂದಿ ರುಜು ಹಾಕಿದರು. ಹಾಜರಿದ್ದು ಹಾಕದವರು ಮೂವರು.

ಬದಲಾಯಿಸಿದ ಅಭಿಪ್ರಾಯಗಳಲ್ಲಿ ಘನವಾದುದು ಗುಲಾಮಗಿರಿಯ ವಿಷಯ. ಆತನು ಗುಲಾಮರನ್ನು ಇಟ್ಟುಕೊಂಡಿದ್ದವನು. ಗುಲಾಮರ ಮಾರಾಟದ ಜಾಹೀರಾತುಗಳು ಆತನ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು, ಅವುಗಳ ಹಣವನ್ನೂ ಆತನು ಪಡೆಯುತ್ತಿದ್ದನು. ಲಾಭದ ಅಂಕಣದಲ್ಲಿ ಕುಳಿತಿದ್ದ ಈ ಸಾಲನ್ನು ಹೊಡೆದುಹಾಕಲು ಆತನಿಗೆ ಹೆಚ್ಚುಕಡಿಮೆ ಒಂದು ಆಯುಷ್ಯವೇ ಹಿಡಿಯಿತೆಂಬುದನ್ನು ಮರೆಮಾಡಿ ಆತನನ್ನು ಹೊಗಳುವುದು ನಮಗೆ ಒಪ್ಪಿಗೆಯಲ್ಲ. 1787ರಲ್ಲಿ ಆತನು ಗುಲಾಮಗಿರಿಯ ನಿರ್ಮೂಲನ ಸಂಘದ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಆ ಸಂಘವು ಸಲ್ಲಿಸಿದ ಅರ್ಜಿಗೆ ಹಾಕಿದ ರುಜು ಆತನ ಕೊನೆಯ ಸಾರ್ವಜನಿಕ ಕಾರ್ಯಗಳಲ್ಲಿ ಒಂದು. ಏಪ್ರಿಲ್ 17ರಂದು ಆತನು ತೀರಿಕೊಂಡನು.

ಮರಣಶಾಸನದಲ್ಲಿ ಬಾಸ್ಟನ್ನಿಗೂ ಫಿಲಡೆಲ್ಫಿಯಕ್ಕೂ ತಲಾ 1,000 ಪೌಂಡುಗಳನ್ನು ಬರೆದಿಟ್ಟಿದ್ದನು. ಕೆಲಸ ಕಲಿಯುವ ಕರಾರನ್ನು ಸರಿಯಾಗಿ ಮುಗಿಸಿದ, 25 ವರ್ಷದೊಳಗಿನ, ಮದುವೆಯಾದ ಕಸುಬುದಾರರಿಗೆ ಇಬ್ಬರು ಗೃಹಸ್ಥರ ಜಾಮೀನಿನ ಮೇಲೆ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ ಕೊಡತಕ್ಕದ್ದು; ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ಅಸಲನ್ನು ವಸೂಲು ಮಾಡತಕ್ಕದ್ದು; ಹೀಗೆ 200 ವರ್ಷ ನಡೆಸತಕ್ಕದ್ದು. ಕೋಲ್ಮನ್, ಗ್ರೇಸರ ಸಾಲದಿಂದ ತಾನು ಎದ್ದು ನಿಂತುದನ್ನು ಆತನು ಮರೆತಿರಲಿಲ್ಲ. ಕಾಲವು ಬದಲಾಗಿ ಕರಾರಿನ ಮೇಲೆ ಕೆಲಸ ಕಲಿಯುವ ಪದ್ಧತಿಯೇ ಅಳಿದು ಸಾಲ ಕೇಳುವವರು ವಿರಳರಾದರು. ಬಾಸ್ಟನ್ನಿನ ಧರ್ಮದರ್ಶಿಗಳು ಹಣವನ್ನು ಬೇರೆ ಕಡೆ ತೊಡಗಿಸಿದರು, ಮೊದಲ ನೂರು ವರ್ಷ ತುಂಬಿದ ಮೇಲೆ ಬಂದ ಭಾಗದಿಂದ ಕೈಕಸುಬಿನ ಒಂದು ವಿದ್ಯಾಶಾಲೆಯು ಎದ್ದಿತು. 1990ರಲ್ಲಿ ಗಡುವು ಮುಗಿದು ಲೆಕ್ಕ ತೆಗೆದಾಗ ಬಾಸ್ಟನ್ನಿನ ನಿಧಿಯಲ್ಲಿ 50 ಲಕ್ಷದ ಹತ್ತಿರಹತ್ತಿರವೂ ಫಿಲಡೆಲ್ಫಿಯದ ನಿಧಿಯಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟೂ ಡಾಲರುಗಳಿದ್ದವು.